ಇಬ್ಬರು ಸೇರಿ ಮನೆಯಲ್ಲೇ ಕಿಟ್ ವಿಮಾನ ಕಟ್ಟುವ ಬಗೆ

ವಿಮಾನದ ರೆಕ್ಕೆಗೆ ರಿವೆಟ್, ಅಂದರೆ ತಗಡುಗಳನ್ನು ಸೇರಿಸಿ ಹಿಡಿಯುವ ಲೋಹದ ಮೊಳೆ, ಹೊಡೆಯುವಾಗ ತಗಡಿನ ಈಚೆ ಬದಿಯಲ್ಲಿ ಒಬ್ಬರು ಅದನ್ನು ಬಡಿಯುವ ಗಾಳಿಯ ಗನ್ ಹಿಡಿದು ನಿಂತಿರುತ್ತಾರೆ, ಆಚೆ ಬದಿಯಲ್ಲಿ ಇನ್ನೊಬ್ಬರು ಉಕ್ಕಿನ ಗಟ್ಟಿಯೊಂದನ್ನು ರಿವೆಟ್‌ನ ಬಾಲಕ್ಕೆ ಒತ್ತಿ ಹಿಡಿದಿರುತ್ತಾರೆ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ. ಗನ್ನಿನ ಸದ್ದಿನಲ್ಲಿ ಮಾತೂ ಕೇಳುವುದಿಲ್ಲ. ಎರಡು ಸೀಟಿನ ಸಣ್ಣ ವಿಮಾನವೊಂದರಲ್ಲಿ ಇಂಥ ರಿವೆಟ್‌ಗಳು ಹತ್ತು ಸಾವಿರಕ್ಕೂ ಹೆಚ್ಚು. ಕಿಟ್ ವಿಮಾನ, ಅಂದರೆ ಬಿಡಿಭಾಗಗಳನ್ನು ತರಿಸಿ ಮನೆಯಲ್ಲೇ ಜೋಡಿಸುವ ವಿಮಾನ, ಕಟ್ಟಲು ಹೊರಡುವವರು ಸಾಮಾನ್ಯವಾಗಿ ಎಂಜಿನ್ ಯಾವುದು, ಬಣ್ಣ ಯಾವುದು ಎಂಬ ಯೋಚನೆಯಿಂದ ಶುರು ಮಾಡುತ್ತಾರೆ. ಆಚೆ ಬದಿಯಲ್ಲಿ ಗಟ್ಟಿ ಹಿಡಿಯುವವರು ಯಾರು, ಅವರೊಡನೆ ನಾಲ್ಕೈದು ವರ್ಷ ಕೆಲಸ ಮಾಡುವ ರೀತಿ ಹೇಗೆ ಎಂಬುದು ಅದಕ್ಕಿಂತ ಮುಂಚೆ ತೀರ್ಮಾನವಾಗಬೇಕಾದ ವಿಷಯವೆಂದು ನನ್ನ ಅಭಿಪ್ರಾಯ.

ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ನಮ್ಮ ಮನೆಯ ಎರಡು ಕಾರಿನ ಗ್ಯಾರೇಜಿನಲ್ಲಿ, ನಾನೂ ನನ್ನ ಮಗಳೂ ಸೇರಿ ಆರ್‌ವಿ-7 ಎಂಬ ಎರಡು ಸೀಟಿನ ಲೋಹದ ವಿಮಾನವನ್ನು ಕಟ್ಟಿದೆವು. ಶುರು ಮಾಡಿದಾಗ ಅವಳಿಗೆ 13 ವರ್ಷ, ಮುಗಿದಾಗ 18. ಆದ್ದರಿಂದ ಇಲ್ಲಿ ಹೇಳುವ ಕಾಯಿದೆ ಮತ್ತು ಕಾಗದಪತ್ರಗಳೆಲ್ಲ ಅಮೆರಿಕದವು. ಕೆಲಸದ ಕ್ರಮ ಮಾತ್ರ ಎಲ್ಲಿ ಕಟ್ಟಿದರೂ ಹೆಚ್ಚುಕಡಿಮೆ ಒಂದೇ. ಈ ಹವ್ಯಾಸದ ನಂಟು ಬೆಂಗಳೂರಿಗೂ ಇದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಬರ್ಟ್ ರುಟಾನ್ ಹವ್ಯಾಸಿಗಳಿಗಾಗಿ ರೂಪಿಸಿದ ಲಾಂಗ್-ಈಝಡ್ ವಿಮಾನವನ್ನು ಆಧರಿಸಿ ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ತನ್ನದೊಂದು ಹಗುರ ಸಂಶೋಧನಾ ವಿಮಾನವನ್ನು ಕಟ್ಟಿ 1987ರಲ್ಲಿ ಹಾರಿಸಿತು. ಬೆಂಗಳೂರಿನದೇ ಆದ ರಾಜ್ ಹಂಸ ಅಲ್ಟ್ರಾಲೈಟ್ಸ್ ಸಂಸ್ಥೆಯ ಎಕ್ಸ್-ಏರ್ ಕಿಟ್‌ಗಳು ಪೆಟ್ಟಿಗೆಗಳಲ್ಲಿ ಹೊರದೇಶಗಳಿಗೆ ಹೋಗಿ ಅಲ್ಲಿನ ಹವ್ಯಾಸಿಗಳ ಶೆಡ್ಡುಗಳಲ್ಲಿ ವಿಮಾನಗಳಾಗಿವೆ. ಭಾರತದಲ್ಲೇ ಕಟ್ಟಬಯಸುವವರು ಹಣ ಕಟ್ಟುವ ಮೊದಲು ಇಲ್ಲಿನ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮಗಳನ್ನು ಪ್ರತ್ಯೇಕವಾಗಿ ವಿಚಾರಿಸಿಕೊಳ್ಳಬೇಕು.

ಮೊದಲು ಮಾತುಕತೆ, ಆಮೇಲೆ ಕಿಟ್

ಅಮೆರಿಕದಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ‘ಎಕ್ಸ್‌ಪೆರಿಮೆಂಟಲ್ ಅಮೆಚೂರ್-ಬಿಲ್ಟ್’ ಎಂಬ ವರ್ಗದಲ್ಲಿ ಹಾರಾಟದ ಅರ್ಹತಾಪತ್ರ ಸಿಗುತ್ತದೆ. ಅದಕ್ಕಿರುವ ಮುಖ್ಯ ಷರತ್ತು ಒಂದೇ: ವಿಮಾನದ ಬಹುಪಾಲು ಕೆಲಸವನ್ನು ಕಲಿಕೆಗಾಗಿಯೋ ಸಂತೋಷಕ್ಕಾಗಿಯೋ ಕಟ್ಟುವ ಹವ್ಯಾಸಿಗಳೇ ಮಾಡಿರಬೇಕು. ಬಾಯಿಮಾತಿನಲ್ಲಿ ಇದನ್ನು ಎಲ್ಲರೂ ‘51 ಪರ್ಸೆಂಟ್ ರೂಲ್’ ಎನ್ನುತ್ತಾರೆ. ಕಟ್ಟುವವರಿಗೆ ವಯಸ್ಸಿನ ಮಿತಿಯಿಲ್ಲ. 13 ವರ್ಷದ ಹುಡುಗಿ ಹೊಡೆದ ರಿವೆಟ್ಟೂ ಈ ಲೆಕ್ಕಕ್ಕೆ ಸೇರುತ್ತದೆ. ಆದರೆ ಮುಗಿದ ವಿಮಾನಕ್ಕೆ ಸಿಗುವ ರಿಪೇರ್‌ಮನ್ ಸರ್ಟಿಫಿಕೇಟ್, ಅಂದರೆ ಪ್ರತಿ ವರ್ಷದ ಕಡ್ಡಾಯ ತಪಾಸಣೆಯನ್ನು ಸ್ವತಃ ಮಾಡಿ ಸಹಿ ಹಾಕುವ ಅಧಿಕಾರ, ಒಂದು ವಿಮಾನಕ್ಕೆ ಒಬ್ಬರಿಗೆ ಮಾತ್ರ. ಅವರು ಮುಖ್ಯ ನಿರ್ಮಾತೃ ಆಗಿರಬೇಕು, 18 ತುಂಬಿರಬೇಕು. ಅಣ್ಣ-ತಮ್ಮಂದಿರು, ಅಪ್ಪ-ಮಕ್ಕಳು, ಗಂಡ-ಹೆಂಡತಿ ಸಮಸಮವಾಗಿ ದುಡಿದರೂ ಕೊನೆಗೆ ಆ ಹೆಸರು ಒಂದೇ. ಇದನ್ನು ಮೊದಲ ದಿನವೇ ಮಾತಾಡಿಕೊಳ್ಳಿ. ನಮ್ಮ ಮನೆಯಲ್ಲಿ ಅದು ನನ್ನ ಹೆಸರಿಗೆ ಬಂತು, ಏಕೆಂದರೆ ಮಗಳು ಕಾಲೇಜಿಗೆ ಹೋಗುವವಳಿದ್ದಳು. ಆ ಕಾರಣವನ್ನು ಅವಳು ಒಪ್ಪಿದಳು, ಆದರೆ ಪೂರ್ತಿ ಮನಸ್ಸಿನಿಂದ ಒಪ್ಪಿದಳೆಂದು ಹೇಳಲಾರೆ.

ಕಾಲದ ಲೆಕ್ಕವನ್ನೂ ಆಗಲೇ ಮಾಡಬೇಕು. ಆರ್‌ವಿ-7ರಂಥ ವಿಮಾನಕ್ಕೆ ಸಾಮಾನ್ಯ ಕಿಟ್‌ನಿಂದ ಕಟ್ಟಿದರೆ 1500ರಿಂದ 2000 ಗಂಟೆಗಳ ಕೆಲಸವಿದೆ. ವಾರಕ್ಕೆ ಎಂಟು ಗಂಟೆ ದುಡಿಯುವವರಿಗೆ ಇದು ನಾಲ್ಕರಿಂದ ಐದು ವರ್ಷ. ಹತ್ತನೆಯ ತರಗತಿಯ ಮಗನನ್ನು ಜೊತೆಗಿಟ್ಟುಕೊಂಡು ಶುರು ಮಾಡಿದರೆ ಎಂಜಿನ್ ಬರುವ ಹೊತ್ತಿಗೆ ಅವನು ಬೇರೆ ಊರಿನ ಹಾಸ್ಟೆಲಿನಲ್ಲಿರುತ್ತಾನೆ. ಹೆಚ್ಚು ಹಣ ಕೊಟ್ಟು ‘ಕ್ವಿಕ್-ಬಿಲ್ಡ್’ ಕಿಟ್ ತರಿಸಿದರೆ ರೆಕ್ಕೆ ಮತ್ತು ಒಡಲಿನ ಬಹಳಷ್ಟು ಭಾಗ ಜೋಡಣೆಯಾಗಿ ಬರುತ್ತದೆ, ಕೆಲಸ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ, ಆದರೂ 51 ಪರ್ಸೆಂಟ್ ನಿಯಮಕ್ಕೆ ಧಕ್ಕೆಯಾಗುವುದಿಲ್ಲ. ಹಣದ ಮಾತನ್ನೂ ಮುಚ್ಚಿಡಬಾರದು: ಹೊಸ ಎಂಜಿನ್, ಪ್ರೊಪೆಲ್ಲರ್, ಈಗಿನ ಕಾಲದ ಉಪಕರಣಗಳೆಲ್ಲ ಸೇರಿದರೆ ಖರ್ಚು ಒಂದು ಲಕ್ಷ ಡಾಲರ್ ದಾಟುತ್ತದೆ, ಮತ್ತು ಅದು ಮನೆಯವರೆಲ್ಲರ ಹಣ.

ಈ ಮಾತುಕತೆಯಲ್ಲಿ ಒಂದು ನಿಯಮವನ್ನು ಬರೆದೇ ಇಡಬೇಕು: ಇಬ್ಬರಲ್ಲಿ ಯಾರು ‘ನಿಲ್ಲಿಸು’ ಎಂದರೂ ಕೆಲಸ ಆ ಕ್ಷಣ ನಿಲ್ಲಬೇಕು, ಕಾರಣವನ್ನು ಆಮೇಲೆ ಕೇಳಬೇಕು. ಮನೆಯಲ್ಲಿ ಅಪ್ಪನ ಕೈಯನ್ನು ತಡೆದು ಅಭ್ಯಾಸವಿಲ್ಲದ ಮಕ್ಕಳಿಗೆ ಇದು ಸುಲಭದ ಮಾತಲ್ಲ. ನನ್ನ ಮಗಳು ಮೊದಲ ಆರು ತಿಂಗಳು ತಪ್ಪು ಕಂಡರೂ ಸುಮ್ಮನಿದ್ದು, ಊಟಕ್ಕೆ ಕೂತಾಗ ಮೆಲ್ಲಗೆ ಹೇಳುತ್ತಿದ್ದಳು. ಅಷ್ಟರಲ್ಲಿ ತಪ್ಪಿನ ಮೇಲೆ ಇನ್ನೂ ಹತ್ತು ರಿವೆಟ್ ಕೂತಿರುತ್ತಿದ್ದವು.

ಕಿಟ್ ಆಯ್ಕೆ

ವ್ಯಾನ್ಸ್ ಏರ್‌ಕ್ರಾಫ್ಟ್ ಎಂಬ ಒರೆಗಾನ್‌ನ ಸಂಸ್ಥೆಯನ್ನು ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ 1973ರಲ್ಲಿ ಸ್ಥಾಪಿಸಿದರು; ಅದರ ಆರ್‌ವಿ ಸರಣಿಯಲ್ಲಿ 11,000ಕ್ಕೂ ಹೆಚ್ಚು ವಿಮಾನಗಳು ಪೂರ್ಣಗೊಂಡು ಹಾರಿವೆ. ಅಂದರೆ ನಿಮಗೆ ಎದುರಾಗುವ ಪ್ರತಿಯೊಂದು ತೊಡಕನ್ನೂ ಈಗಾಗಲೇ ಯಾರೋ ಎದುರಿಸಿ ಬಿಡಿಸಿಕೊಂಡಿರುತ್ತಾರೆ, ಅವರಲ್ಲಿ ಒಬ್ಬರು ನಿಮ್ಮ ಊರಿನಿಂದ ಒಂದೆರಡು ಗಂಟೆಯ ದಾರಿಯಲ್ಲೇ ಇರಬಹುದು. ಚಿಕ್ಕ ಮಕ್ಕಳೊಡನೆ ಕಟ್ಟುವವರು ಇದೇ ಸಂಸ್ಥೆಯ ಆರ್‌ವಿ-12 ಅಥವಾ ಮಿಸೌರಿ ರಾಜ್ಯದ ಝೆನಿತ್ ಸಂಸ್ಥೆಯ ವಿಮಾನಗಳನ್ನು ನೋಡಬಹುದು. ಇವುಗಳಲ್ಲಿ ಹೆಚ್ಚಿನವು ಒಂದೇ ಬದಿಯಿಂದ ಎಳೆದು ಕೂರಿಸುವ ಪಾಪ್ ರಿವೆಟ್‌ಗಳಾದ್ದರಿಂದ ಸದ್ದು ಕಡಿಮೆ, ತಪ್ಪೂ ಕಡಿಮೆ. ಝೆನಿತ್‌ನವರು ತಮ್ಮ ಕಾರ್ಖಾನೆಯಲ್ಲಿ ಎರಡು ದಿನದ ಕಮ್ಮಟ ನಡೆಸುತ್ತಾರೆ, ಅಲ್ಲಿ ನಿಮ್ಮ ಕೈಯಿಂದಲೇ ಒಂದು ಚುಕ್ಕಾಣಿಯನ್ನು ಕಟ್ಟಿ ಮನೆಗೆ ಒಯ್ಯಬಹುದು. ಇಬ್ಬರೂ ಹೋಗಿ ಬನ್ನಿ. ಎರಡು ದಿನ ಅಕ್ಕಪಕ್ಕ ನಿಂತು ಕೆಲಸ ಮಾಡಿದಾಗ ನಿಮ್ಮ ಜೋಡಿ ಹೊಂದುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ.

ಹಣ ಕಟ್ಟುವಾಗ ಕಿಟ್ಟನ್ನು ಭಾಗಭಾಗವಾಗಿ ಕೊಳ್ಳುವುದು ಮೇಲು: ಮೊದಲು ಬಾಲ, ಅದು ಮುಗಿಯುತ್ತ ಬಂದಾಗ ರೆಕ್ಕೆ, ಆಮೇಲೆ ಒಡಲು. ವ್ಯಾನ್ಸ್‌ನಂಥ ಹಳೆಯ ಸಂಸ್ಥೆಯೂ 2023ರಲ್ಲಿ ಲೇಸರಿನಿಂದ ಕತ್ತರಿಸಿದ ಕೆಲವು ಭಾಗಗಳ ರಂಧ್ರಗಳಲ್ಲಿ ಬಿರುಕು ಕಾಣಿಸಿಕೊಂಡ ತೊಂದರೆಗೆ ಸಿಕ್ಕಿ, ಅದೇ ವರ್ಷದ ಡಿಸೆಂಬರಿನಲ್ಲಿ ದಿವಾಳಿ ಕಾಯಿದೆಯ ರಕ್ಷಣೆ ಕೋರಿತು. 2024ರಲ್ಲಿ ಸಂಸ್ಥೆ ಅದರಿಂದ ಹೊರಬಂತು, ಕಿಟ್‌ಗಳೂ ಬರುತ್ತಿವೆ. ಆದರೆ ಮುಂಗಡ ಕಟ್ಟಿ ಕಾಯುತ್ತಿದ್ದವರು ಹೆಚ್ಚಿದ ಬೆಲೆಗೆ ಒಪ್ಪಬೇಕಾಯಿತು. ಮುಂದಿನ ಎರಡು ವರ್ಷಕ್ಕೆ ಬೇಡದ ಭಾಗಕ್ಕೆ ಇಂದೇ ಹಣ ಕಟ್ಟಬೇಡಿ.

ಜಾಗ ಮತ್ತು ಸಲಕರಣೆ

ಎರಡು ಕಾರು ನಿಲ್ಲುವ ಗ್ಯಾರೇಜು ಸಾಕು. ಆರ್‌ವಿ-7ರ ರೆಕ್ಕೆಗಳ ಒಟ್ಟು ಹರವು 25 ಅಡಿ, ಆದರೆ ಎಡ ಮತ್ತು ಬಲ ರೆಕ್ಕೆಗಳನ್ನು ಬೇರೆಬೇರೆಯಾಗಿ ಕಟ್ಟಿ ಗೋಡೆಯ ಬದಿಗೆ ನಿಲ್ಲಿಸಿಡಬಹುದು. ಎರಡನ್ನೂ ಒಡಲಿಗೆ ಸೇರಿಸುವುದು ವಿಮಾನ ನಿಲ್ದಾಣದ ಹ್ಯಾಂಗರಿನಲ್ಲಿ. ಗ್ಯಾರೇಜಿನ ನೆಲ ಮಟ್ಟವಾಗಿರಬೇಕೆಂಬುದಕ್ಕಿಂತ ಮೇಜು ಮಟ್ಟವಾಗಿರಬೇಕೆಂಬುದು ಮುಖ್ಯ. ಬೆಳಕು ಎಷ್ಟಿದ್ದರೂ ಸಾಲದು. ನೆರೆಮನೆಯವರಿಗೆ ಮೊದಲೇ ಹೇಳಿಟ್ಟು, ರಾತ್ರಿ ಎಂಟರ ನಂತರ ಗನ್ ಹೊಡೆಯದಿರುವುದು ಒಳ್ಳೆಯದು.

ಸಲಕರಣೆಗಳಲ್ಲಿ ಏರ್ ಕಂಪ್ರೆಸರ್, ಗಾಳಿಯಿಂದ ತಿರುಗುವ ಡ್ರಿಲ್, ರಿವೆಟ್ ಗನ್, ಒಂದೆರಡು ಬಕಿಂಗ್ ಬಾರ್, ರಿವೆಟ್ ಸ್ಕ್ವೀಝರ್, ಡಿಂಪಲ್ ಅಚ್ಚುಗಳು, ಅಂಚು ನಯಗೊಳಿಸುವ ಚಕ್ರ ಇಷ್ಟು ಮೊದಲು ಬೇಕು. ಬಕಿಂಗ್ ಬಾರ್ ಎಂದರೆ ನಾನು ಮೇಲೆ ಹೇಳಿದ ಗಟ್ಟಿ. ಚಿಕ್ಕ ಕೈಗಳಿಗೆ ಟಂಗ್‌ಸ್ಟನ್ ಬಾರ್ ಕೊಡಿಸಿ, ಗಾತ್ರ ಕಡಿಮೆ, ತೂಕ ಹೆಚ್ಚು, ಸಂದುಗಳಲ್ಲಿ ಸುಲಭವಾಗಿ ಕೂರುತ್ತದೆ. ಇವುಗಳ ಜೊತೆ ನೂರುಗಟ್ಟಲೆ ಕ್ಲೀಕೋಗಳು ಬೇಕು. ಕ್ಲೀಕೋ ಎಂದರೆ ರಿವೆಟ್ ಬರುವ ತನಕ ಎರಡು ತಗಡುಗಳನ್ನು ಒಂದೇ ರಂಧ್ರದಲ್ಲಿ ಹಿಡಿದಿಡುವ ಸ್ಪ್ರಿಂಗಿನ ಪಿನ್ನು. ಬೆಳ್ಳಿ ಬಣ್ಣದ್ದು 3/32 ಇಂಚಿನ ರಂಧ್ರಕ್ಕೆ, ತಾಮ್ರದ ಬಣ್ಣದ್ದು 1/8 ಇಂಚಿಗೆ. ಕ್ಲೀಕೋಗಳನ್ನು ಬಣ್ಣದಂತೆ ವಿಂಗಡಿಸಿ ಡಬ್ಬಕ್ಕೆ ಹಾಕುವುದು ಮನೆಗೆ ಬಂದ ಅಜ್ಜಿಯಿಂದ ಹಿಡಿದು ಪಕ್ಕದ ಮನೆಯ ಐದು ವರ್ಷದ ಮಗುವಿನ ತನಕ ಯಾರು ಬೇಕಾದರೂ ಮಾಡಬಹುದಾದ ಕೆಲಸ. ಕಿವಿ ಮುಚ್ಚುವ ಮಫ್ ಮತ್ತು ಕಣ್ಣಿನ ಕನ್ನಡಕ ಇಬ್ಬರಿಗೂ ಬೇಕು. ಅವಿಲ್ಲದೆ ಗ್ಯಾರೇಜಿನ ಒಳಗೆ ಕಾಲಿಡಬಾರದು.

ಬಾಲದಿಂದ ಆರಂಭ

ಹೆಚ್ಚಿನ ಕಿಟ್‌ಗಳಂತೆ ಆರ್‌ವಿಯಲ್ಲೂ ಮೊದಲು ಕಟ್ಟುವುದು ಬಾಲದ ಭಾಗಗಳನ್ನು: ಅಡ್ಡ ಬಾಲ, ನೆಟ್ಟ ಬಾಲ, ಚುಕ್ಕಾಣಿ, ಮೂಗನ್ನು ಮೇಲೆಕೆಳಗೆ ಮಾಡುವ ಎಲಿವೇಟರ್‌ಗಳು. ಚಿಕ್ಕವು, ಕೆಟ್ಟರೆ ಮತ್ತೆ ತರಿಸಲು ಅಗ್ಗ. ಅದಕ್ಕೂ ಮೊದಲು ಅಭ್ಯಾಸದ ಸಣ್ಣ ಕಿಟ್ ಒಂದನ್ನು ತರಿಸಿ ಹಾಳುಮಾಡಿ.

ಪ್ರತಿಯೊಂದು ಭಾಗದ ಕೆಲಸವೂ ಒಂದೇ ವರಸೆಯಲ್ಲಿ ನಡೆಯುತ್ತದೆ. ಭಾಗಗಳನ್ನು ಕ್ಲೀಕೋಗಳಿಂದ ಜೋಡಿಸಿ, ರಂಧ್ರಗಳನ್ನು ಸರಿಯಾದ ಅಳತೆಗೆ ಕೊರೆದು, ಮತ್ತೆ ಎಲ್ಲವನ್ನೂ ಬಿಚ್ಚಿ, ಪ್ರತಿ ರಂಧ್ರದ ಎರಡೂ ಬದಿಯ ಬರ್ (ಕೊರೆದಾಗ ಅಂಚಿನಲ್ಲಿ ಏಳುವ ಚೂಪು ಸಿಬಿರು) ತೆಗೆದು, ತಗಡಿನ ಅಂಚುಗಳನ್ನು ಬೆರಳಾಡಿಸಿದರೆ ಗೀರದಷ್ಟು ನಯಗೊಳಿಸಿ, ರಿವೆಟ್‌ನ ತಲೆ ತಗಡಿನೊಳಗೆ ಸಮವಾಗಿ ಕೂರುವಂತೆ ಡಿಂಪಲ್ ಒತ್ತಿ, ತುಕ್ಕು ತಡೆಯುವ ಪ್ರೈಮರ್ ಬಳಿದು, ಒಣಗಿದ ಮೇಲೆ ಮತ್ತೆ ಕ್ಲೀಕೋಗಳಿಂದ ಜೋಡಿಸಿ, ಕಟ್ಟಕಡೆಗೆ ರಿವೆಟ್ ಹೊಡೆಯಬೇಕು. ಹೊಸಬರು ರಿವೆಟ್ ಹೊಡೆಯುವುದೇ ಕೆಲಸವೆಂದು ತಿಳಿಯುತ್ತಾರೆ. ನಿಜದಲ್ಲಿ ಅದಕ್ಕೆ ಹೋಗುವ ಸಮಯ ಅತಿ ಕಡಿಮೆ. ಬರ್ ತೆಗೆಯುವ ಬೇಸರದ ಕೆಲಸವನ್ನು ಮಕ್ಕಳಿಗೆ ಹೊರಿಸಿ, ಗನ್ ಹಿಡಿಯುವ ಕೆಲಸವನ್ನು ದೊಡ್ಡವರೇ ಇಟ್ಟುಕೊಂಡರೆ ಮೂರನೆಯ ತಿಂಗಳಿಗೆ ನೀವು ಒಬ್ಬರೇ ಆಗುತ್ತೀರಿ. ಎರಡನ್ನೂ ಸರದಿಯಲ್ಲಿ ಮಾಡಿ.

ತಗಡಿನ ಮೇಲೆ ಗುರುತು ಹಾಕಲು ಪೆನ್ಸಿಲ್ ಬಳಸಬಾರದು. ಪೆನ್ಸಿಲಿನ ಗ್ರಾಫೈಟ್ ಅಲ್ಯೂಮಿನಿಯಂ ಜೊತೆ ಸೇರಿ ಕಾಲಕ್ರಮದಲ್ಲಿ ಲೋಹವನ್ನು ತಿನ್ನುತ್ತದೆ. ಮಾರ್ಕರ್ ಪೆನ್ನೇ ಸರಿ. ಎಡ ಮತ್ತು ಬಲ ಭಾಗಗಳಿಗೆ ಬೇರೆ ಬೇರೆ ಬಣ್ಣದ ಮಾರ್ಕರ್ ಇಟ್ಟುಕೊಳ್ಳಿ. ಡಿಂಪಲ್ ಒತ್ತುವ ಮೊದಲು ಎಡದ್ದನ್ನೂ ಬಲದ್ದನ್ನೂ ಮೇಜಿನ ಮೇಲೆ ಎದುರುಬದುರಾಗಿ, ಕನ್ನಡಿಯ ಬಿಂಬದಂತೆ ಇಟ್ಟು, ಇಬ್ಬರೂ ನೋಡಿದ ಮೇಲೆ ಮುಂದುವರಿಯಬೇಕು. ಎರಡು ಎಡಗಡೆಯ ಭಾಗಗಳನ್ನು ಮಾಡಿಟ್ಟು ಬಲಗಡೆಯದನ್ನು ಹುಡುಕದವರು ಈ ಹವ್ಯಾಸದಲ್ಲಿ ಅಪರೂಪ. ನಾವು ಒಂದೇ ಸಂಜೆ ಅದನ್ನು ಎರಡು ಸಲ ಮಾಡಿದೆವು.

ಇನ್ನು ರಿವೆಟ್. ನಕ್ಷೆಯಲ್ಲಿ ‘ಎಎನ್426ಎಡಿ3-3.5’ ಎಂದು ಬರೆದಿರುತ್ತದೆ. ಇದರಲ್ಲಿ 426 ಎಂದರೆ ತಲೆ ತಗಡಿನೊಳಗೆ ಮುಳುಗಿ ಸಮವಾಗುವ ಜಾತಿ. ಗುಂಡು ತಲೆಯದಾದರೆ 470. ‘ಎಡಿ’ ಲೋಹದ ಬಗೆ. ಅದರ ತಲೆಯ ನಡುವೆ ಒಂದು ಸಣ್ಣ ಗುಳಿ ಇರುತ್ತದೆ, ಕೈಯಲ್ಲಿ ಹಿಡಿದು ನೋಡಿದರೆ ತಿಳಿಯುತ್ತದೆ. ಮುಂದಿನ 3 ಎಂದರೆ ದಪ್ಪ 3/32 ಇಂಚು, ಅಂದರೆ ಸುಮಾರು 2.4 ಮಿ.ಮೀ.; ಕೊನೆಯ 3.5 ಉದ್ದ, ಇಂಚಿನ ಹದಿನಾರನೇ ಭಾಗಗಳ ಲೆಕ್ಕದಲ್ಲಿ. ರಂಧ್ರಕ್ಕೆ ಹಾಕಿದಾಗ ಆಚೆ ಬದಿಗೆ ರಿವೆಟ್‌ನ ದಪ್ಪದ ಒಂದೂವರೆಯಷ್ಟು ಬಾಲ ಹೊರಗಿರಬೇಕು. ಹೊಡೆದ ಮೇಲೆ ಆ ಬಾಲ ಅಪ್ಪಚ್ಚಿಯಾಗಿ ಅಗಲದಲ್ಲಿ ದಪ್ಪದ ಒಂದೂವರೆಯಷ್ಟು, ಎತ್ತರದಲ್ಲಿ ಅರ್ಧದಷ್ಟು ಆಗಬೇಕು. ನಮ್ಮ 3/32 ರಿವೆಟ್‌ಗೆ ಅದು 3.6 ಮಿ.ಮೀ. ಅಗಲ, 1.2 ಮಿ.ಮೀ. ಎತ್ತರ. ಇದನ್ನು ಅಳೆಯಲು ಸಣ್ಣ ಗೇಜು ಸಿಗುತ್ತದೆ. ಅದು ಗಟ್ಟಿ ಹಿಡಿಯುವವರ ಜೇಬಿನಲ್ಲಿರಬೇಕು, ಏಕೆಂದರೆ ರಿವೆಟ್ ಸರಿಯಾಯಿತೋ ಇಲ್ಲವೋ ಎಂದು ಹೇಳುವ ಹಕ್ಕು ಅವರದು. ಗನ್ ಹಿಡಿದವರಿಗೆ ಕಾಣುವುದು ನುಣುಪಾದ ತಲೆ ಮಾತ್ರ.

ಗಾಳಿಯ ಒತ್ತಡವನ್ನು 3/32 ರಿವೆಟ್‌ಗೆ ಸುಮಾರು 40 ಪಿಎಸ್ಐ (ಚದರ ಇಂಚಿಗೆ 40 ಪೌಂಡ್) ಇಟ್ಟು, ಬೇಡದ ತಗಡಿನ ತುಂಡಿನ ಮೇಲೆ ಹೊಡೆದು ನೋಡಿ ಹೊಂದಿಸಿಕೊಳ್ಳಿ. ಗನ್ನನ್ನು ತಗಡಿಗೆ ಲಂಬವಾಗಿ, ಒತ್ತಿ ಹಿಡಿಯಬೇಕು. ಸ್ವಲ್ಪ ಓರೆಯಾದರೂ ತಲೆಯ ಪಕ್ಕದಲ್ಲಿ ಅರ್ಧಚಂದ್ರದ ಗಾಯವಾಗುತ್ತದೆ, ಅದನ್ನು ಇಲ್ಲಿನವರು ‘ಸ್ಮೈಲಿ’ ಎಂದು ಕರೆಯುತ್ತಾರೆ. ಅದನ್ನು ನೋಡಿದ ಯಾರಿಗೂ ನಗು ಬರುವುದಿಲ್ಲ.

ಗಟ್ಟಿ ಇನ್ನೂ ಕೂತಿರದಾಗ ಗನ್ ಹೊಡೆದರೆ ತಗಡೇ ಒಳಕ್ಕೆ ತಗ್ಗುತ್ತದೆ. ಎಡ ರೆಕ್ಕೆಯ ಮೇಲ್ಭಾಗದಲ್ಲಿ ನಾನು ಹಾಗೆ ಮಾಡಿದೆ. ಮಗಳು ರೆಕ್ಕೆಯ ಒಳಗೆ ಭುಜದ ತನಕ ಕೈ ತೂರಿಸಿ ರಿವೆಟ್‌ನ ಬಾಲ ಹುಡುಕುತ್ತಿದ್ದಳು. ಅವಳು ಕೆಮ್ಮಿದ್ದನ್ನು ನಾನು ‘ಹ್ಞೂಂ’ ಎಂದು ಕೇಳಿಸಿಕೊಂಡು ಗುಂಡಿ ಒತ್ತಿಬಿಟ್ಟೆ. ನಾಣ್ಯದಷ್ಟು ಅಗಲದ ತಗ್ಗು ಈಗಲೂ ಅಲ್ಲಿದೆ, ಬಣ್ಣ ಹೊಡೆದ ಮೇಲೂ ಸಂಜೆಯ ಬಿಸಿಲಿನಲ್ಲಿ ಕಾಣುತ್ತದೆ. ಆ ದಿನದಿಂದ ಮಾತಿನ ಬದಲು ತಟ್ಟುವ ಸಂಜ್ಞೆ ಮಾಡಿಕೊಂಡೆವು: ಗಟ್ಟಿಯಿಂದ ರೆಕ್ಕೆಯೊಳಗಿನ ರಿಬ್ಬಿಗೆ (ಅಡ್ಡಪಟ್ಟಿಗೆ) ಎರಡು ಸಲ ತಟ್ಟಿದರೆ ಸಿದ್ಧ, ಒಂದು ಸಲ ತಟ್ಟಿದರೆ ಇನ್ನೊಂದಿಷ್ಟು ಹೊಡಿ, ಮೂರು ಸಲ ತಟ್ಟಿದರೆ ಗನ್ ಕೆಳಗಿಡು. ನೀವು ಬೇರೆ ಸಂಜ್ಞೆ ಮಾಡಿಕೊಳ್ಳಬಹುದು, ಆದರೆ ಸಂಜ್ಞೆಯಿಲ್ಲದೆ ಮೊದಲ ರಿವೆಟ್ಟನ್ನೂ ಹೊಡೆಯಬೇಡಿ.

ಕೆಟ್ಟ ರಿವೆಟ್ ತೆಗೆಯುವುದನ್ನು ಹೊಡೆಯುವುದಕ್ಕಿಂತ ಮೊದಲು ಕಲಿಯಬೇಕು. ತಲೆಯ ನಡುವಿನ ಗುಳಿಗೆ 40ನೇ ನಂಬರಿನ ಡ್ರಿಲ್ ಇಟ್ಟು ತಲೆಯ ಆಳದಷ್ಟೇ ಕೊರೆದು, ಪಂಚ್ ತೂರಿಸಿ ಪಕ್ಕಕ್ಕೆ ಬಾಗಿಸಿದರೆ ತಲೆ ಕಳಚಿಕೊಳ್ಳುತ್ತದೆ. ಆಮೇಲೆ ಆಚೆ ಬದಿಗೆ ಮರದ ಆಸರೆ ಕೊಟ್ಟು ಉಳಿದ ದಂಟನ್ನು ಮೆಲ್ಲಗೆ ಹೊರತಟ್ಟಬೇಕು. ಅವಸರದಲ್ಲಿ ಪೂರ್ತಿ ಕೊರೆದರೆ ರಂಧ್ರ ಅಗಲವಾಗುತ್ತದೆ. ಆಗ ದಪ್ಪ ದಂಟು, ಚಿಕ್ಕ ತಲೆ ಇರುವ ವಿಶೇಷ ರಿವೆಟ್ ಬಳಸಬಹುದು. ಇಲ್ಲಿನ ಅಂಗಡಿಗಳಲ್ಲಿ ‘ಊಪ್ಸ್ ರಿವೆಟ್’ ಎಂದು ಕೇಳಿದರೇ ಕೊಡುತ್ತಾರೆ. ಸ್ವಲ್ಪ ಮಾತ್ರ ಕೆಟ್ಟ ರಿವೆಟ್ಟನ್ನು ಹಾಗೇ ಬಿಡುವುದೇ ಎಷ್ಟೋ ಸಲ ಉತ್ತಮ; ತೆಗೆಯಲು ಹೋಗಿ ಹೆಚ್ಚು ಕೆಡಿಸುವುದುಂಟು. ಈ ತೀರ್ಮಾನವನ್ನು ದಣಿದಾಗ ಮಾಡಬೇಡಿ, ಮರುದಿನ ಬೆಳಗ್ಗೆ ಇಬ್ಬರೂ ನೋಡಿ ಮಾಡಿ.

ರೆಕ್ಕೆಯೊಳಗಿನ ಇಂಧನದ ಟ್ಯಾಂಕು

ಇಡೀ ಕೆಲಸದಲ್ಲಿ ಎಲ್ಲರೂ ಹೆದರುವುದು ಟ್ಯಾಂಕಿಗೆ. ಆರ್‌ವಿ-7ರಲ್ಲಿ ರೆಕ್ಕೆಯ ಮುಂಭಾಗವೇ ಟ್ಯಾಂಕು, ಒಂದೊಂದರಲ್ಲಿ 21 ಗ್ಯಾಲನ್, ಅಂದರೆ ಸುಮಾರು 80 ಲೀಟರ್ ಪೆಟ್ರೋಲು ಹಿಡಿಯುತ್ತದೆ. ಪ್ರತಿ ರಿವೆಟ್, ಪ್ರತಿ ಸೇರುವೆಯ ಸಂದಿಗೂ ‘ಪ್ರೋಸೀಲ್’ ಎಂದು ಕರೆಯುವ ಕಪ್ಪು ಅಂಟನ್ನು ತುಂಬಬೇಕು. ಇದು ಎರಡು ಭಾಗಗಳ ಅಂಟು, ತೂಕದಲ್ಲಿ ಹತ್ತಕ್ಕೆ ಒಂದರಂತೆ ಬೆರೆಸುವುದು. ಚಿಕ್ಕ ಡಿಜಿಟಲ್ ತಕ್ಕಡಿ ಇದ್ದರೆ ಒಬ್ಬರು ಬೆರೆಸುತ್ತ ಕೂರಬಹುದು, ಇನ್ನೊಬ್ಬರು ಬಳಿಯಬಹುದು. ಕೈಗೆ ನೈಟ್ರೈಲ್ ಗ್ಲೌಸ್ ಎರಡು ಪದರ ಹಾಕಿಕೊಂಡು ಮೇಲಿನದನ್ನು ಆಗಾಗ ಕಿತ್ತೆಸೆಯಿರಿ. ಈ ಅಂಟಿನ ವಾಸನೆ ಒಗೆದ ಬಟ್ಟೆಯಿಂದಲೂ ಹೋಗುವುದಿಲ್ಲ. ಹಳೆಯ ಬಟ್ಟೆ ಹಾಕಿಕೊಂಡು ಕೆಲಸ ಮಾಡಿ, ಗ್ಯಾರೇಜಿನ ಬಾಗಿಲಲ್ಲೇ ಬಿಚ್ಚಿಟ್ಟು ಒಳಗೆ ಹೋಗಿ.

ಟ್ಯಾಂಕು ಮುಚ್ಚುವ ಕೊನೆಯ ತಗಡನ್ನು ಹಾಕುವ ಮೊದಲು ಟಾರ್ಚ್ ಹಿಡಿದು ಒಂದೊಂದು ಮೂಲೆಯನ್ನೂ ನೋಡಬೇಕು, ಮತ್ತು ಅಂಟು ಬಳಿದವರು ಅಲ್ಲ, ಇನ್ನೊಬ್ಬರು ನೋಡಬೇಕು. ಅಂಟು ಪೂರ್ತಿ ಗಟ್ಟಿಯಾದ ಮೇಲೆ ಸೋರಿಕೆಯ ಪರೀಕ್ಷೆ. ಟ್ಯಾಂಕಿನ ಒಂದು ಕೊಳವೆಗೆ ಹುಟ್ಟುಹಬ್ಬದ ಬಲೂನು ಕಟ್ಟಿ, ಇನ್ನೊಂದರಿಂದ ಮೆಲ್ಲಗೆ ಗಾಳಿ ತುಂಬಿ, ಸೇರುವೆಗಳಿಗೆಲ್ಲ ಸೋಪಿನ ನೀರು ಬಳಿದು ಗುಳ್ಳೆ ನೋಡುವುದೇ ಕ್ರಮ. ಬಲೂನು ಇಲ್ಲಿ ಆಟಿಕೆಯಲ್ಲ, ಅದೇ ಸುರಕ್ಷಾ ಕವಾಟ: ಒಂದೇ ಪಿಎಸ್ಐ ಒತ್ತಡವೂ ತಗಡಿನ ಪ್ರತಿ ಚದರ ಅಡಿಯ ಮೇಲೆ 144 ಪೌಂಡ್ ಬಲವಾಗುತ್ತದೆ. ಕಂಪ್ರೆಸರಿನ ಗಾಳಿಯನ್ನು ನೇರವಾಗಿ ಬಿಟ್ಟರೆ ಆರು ವಾರದ ಕೆಲಸ ಕ್ಷಣದಲ್ಲಿ ಹರಿದುಹೋಗುತ್ತದೆ. ಬಲೂನನ್ನು ರಾತ್ರಿಯಿಡೀ ಬಿಟ್ಟರೆ ಬೆಳಗಿನ ಚಳಿಗೆ ಅದು ಬಾಡಿರುವುದು ಸಹಜ. ಬಿಸಿಲೇರಿದಾಗ ಮತ್ತೆ ಉಬ್ಬಿದರೆ ಸೋರಿಕೆಯಿಲ್ಲ. ಇದು ಗೊತ್ತಿಲ್ಲದೆ ನಾವಿಬ್ಬರೂ ಒಂದು ಭಾನುವಾರ ಬೆಳಗ್ಗೆ ಮಾತಿಲ್ಲದೆ ಕೂತಿದ್ದೆವು.

ಒಡಲು, ಗಾಜು, ಎಂಜಿನ್

ಒಡಲಿನ ಹೊತ್ತಿಗೆ ಕೈ ಪಳಗಿರುತ್ತದೆ, ಆದ್ದರಿಂದ ಹೆಚ್ಚು ಹೇಳಬೇಕಾದ್ದಿಲ್ಲ. ಒಂದೇ ಎಚ್ಚರ ಕೊಡಬೇಕಾದದ್ದು ಮೇಲಿನ ಪಾರದರ್ಶಕ ಹೊದಿಕೆಯ ಬಗ್ಗೆ. ಅದು ಗಾಜಲ್ಲ, ಆಕ್ರಿಲಿಕ್. ಚಳಿಯಲ್ಲಿ ಕತ್ತರಿಸಿದರೆ ಅಥವಾ ಕೊರೆದರೆ ಬಿರುಕು ಬಿಡುತ್ತದೆ. ಕೋಣೆಯ ಶಾಖ 27 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ಬರುವ ತನಕ ಅದನ್ನು ಮುಟ್ಟಬೇಡಿ, ಪ್ಲಾಸ್ಟಿಕ್ಕಿಗೆಂದೇ ಮೊನೆ ಮಾಡಿದ ಡ್ರಿಲ್ ಬಿಟ್ ಬಳಸಿ. ಒರೆಗಾನ್‌ನ ಡಿಸೆಂಬರ್ ತಿಂಗಳಲ್ಲಿ ನಾವು ಎರಡು ಹೀಟರ್ ಹಚ್ಚಿಕೊಂಡು ಕಾಯುವುದಕ್ಕಿಂತ ಆ ಕೆಲಸವನ್ನು ಜುಲೈಗೆ ಮುಂದೂಡಿದೆವು.

ಆರ್‌ವಿ-7ಕ್ಕೆ 180 ಅಶ್ವಶಕ್ತಿಯ ಲೈಕಮಿಂಗ್ ಓ-360 ಎಂಜಿನ್ ರೂಢಿಯ ಆಯ್ಕೆ. ಹಣ ಉಳಿಸಲು ಇಂಧನ ವ್ಯವಸ್ಥೆಯನ್ನು ನಿಮ್ಮದೇ ಯೋಚನೆಯಂತೆ ಬದಲಿಸುವ ಆಸೆ ಈ ಹಂತದಲ್ಲಿ ಹುಟ್ಟುತ್ತದೆ; ಅದಕ್ಕೆ ಒಳಗಾಗಬೇಡಿ. ಅಮೆರಿಕದ ಅಪಘಾತ ತನಿಖಾ ಮಂಡಳಿ ಎನ್‌ಟಿಎಸ್‌ಬಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯಲ್ಲಿ ಕಟ್ಟಿದ ವಿಮಾನಗಳ ಅಪಘಾತಗಳಿಗೆ ಎಂಜಿನಿನ ಶಕ್ತಿ ನಿಂತುಹೋಗುವುದು ಮತ್ತು ಹಾರಾಟದಲ್ಲಿ ಹತೋಟಿ ತಪ್ಪುವುದು ಇವೆರಡೂ ಮೊದಲ ಸಾಲಿನ ಕಾರಣಗಳಾಗಿ ಕಂಡವು. ಬೋಲ್ಟುಗಳನ್ನೆಲ್ಲ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚಿನಿಂದಲೇ ಬಿಗಿಯಬೇಕು. ಸಾಮಾನ್ಯವಾದ ಎಎನ್3 ಬೋಲ್ಟಿಗೆ 20ರಿಂದ 25 ಇಂಚು-ಪೌಂಡ್ ಅಷ್ಟೇ, ಮೋಟಾರ್ ಸೈಕಲ್ ಬಿಗಿದು ಅಭ್ಯಾಸವಿದ್ದ ಕೈಗೆ ಇದು ಸಡಿಲವೆನಿಸುತ್ತದೆ. ಒಬ್ಬರು ಬಿಗಿದ ಬೋಲ್ಟಿನ ಮೇಲೆ ಇನ್ನೊಬ್ಬರು ಪರೀಕ್ಷಿಸಿ ಬಣ್ಣದ ಗೆರೆ ಎಳೆಯಬೇಕು. ಗೆರೆಯಿಲ್ಲದ ಬೋಲ್ಟು ಬಿಗಿಯದ ಬೋಲ್ಟು ಎಂದೇ ಲೆಕ್ಕ.

ಕಾಗದಪತ್ರ ಮತ್ತು ತಪಾಸಣೆ

ಮೊದಲ ದಿನದಿಂದಲೇ ದಿನಚರಿ ಬರೆಯಬೇಕು: ದಿನಾಂಕ, ಎಷ್ಟು ಗಂಟೆ, ಯಾವ ಭಾಗ, ಯಾರು ಮಾಡಿದರು, ಜೊತೆಗೆ ಫೋಟೋ. ಫೋಟೋದಲ್ಲಿ ನಿಮ್ಮ ಮುಖವೂ ಕೈಯೂ ಕಾಣಲಿ. ಬಹುಪಾಲು ಕೆಲಸ ನೀವೇ ಮಾಡಿದ್ದಕ್ಕೆ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಮುಂದೆ ಇದೇ ಸಾಕ್ಷಿ. ಪಾಲ್ ಪೊಬೆರೆಝ್ನಿ 1953ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಆರಂಭಿಸಿದ ಇಎಎ ಎಂಬ ಹವ್ಯಾಸಿಗಳ ಸಂಘಕ್ಕೆ ಇಬ್ಬರೂ ಸದಸ್ಯರಾಗಿ. ಅದರ ಟೆಕ್ನಿಕಲ್ ಕೌನ್ಸೆಲರ್‌ಗಳು, ಅಂದರೆ ಈ ಹಿಂದೆ ಸ್ವತಃ ಕಟ್ಟಿದ ಅನುಭವಿಗಳು, ಹಣ ಪಡೆಯದೆ ಮನೆಗೆ ಬಂದು ಕೆಲಸ ನೋಡುತ್ತಾರೆ. ರೆಕ್ಕೆ ಮುಚ್ಚುವ ಮೊದಲು ಒಮ್ಮೆ, ಒಡಲು ಮುಚ್ಚುವ ಮೊದಲು ಒಮ್ಮೆ, ಎಂಜಿನ್ ಕೂತ ಮೇಲೆ ಒಮ್ಮೆ, ಹೀಗೆ ಕಡೇಪಕ್ಷ ಮೂರು ಸಲ ಅವರನ್ನು ಕರೆಯಿರಿ. ನಮ್ಮಲ್ಲಿಗೆ ಬಂದ ಹಿರಿಯರು ಮೊದಲ ಭೇಟಿಯಲ್ಲೇ ನನ್ನನ್ನು ಬಿಟ್ಟು ಮಗಳಿಗೆ ಪ್ರಶ್ನೆ ಕೇಳತೊಡಗಿದರು; ಯಾವ ರಿವೆಟ್ ಬಗ್ಗೆ ಅವಳಿಗೆ ಅನುಮಾನವಿದೆಯೆಂದು ಅವರು ಕೇಳಿದಾಗ ಅವಳು ತೋರಿಸಿದ ನಾಲ್ಕರಲ್ಲಿ ಮೂರು ನನಗೆ ಗೊತ್ತೇ ಇರಲಿಲ್ಲ.

ವಿಮಾನ ಮುಗಿದ ಮೇಲೆ ಎಫ್‌ಎಎ ಇನ್ಸ್‌ಪೆಕ್ಟರ್ ಅಥವಾ ಅದು ನೇಮಿಸಿದ, ಶುಲ್ಕ ಪಡೆಯುವ ಪ್ರತಿನಿಧಿ ಬಂದು ಪರಿಶೀಲಿಸುತ್ತಾರೆ. ಅದಕ್ಕೆ ಮೊದಲು ನೋಂದಣಿ ಆಗಿರಬೇಕು, ಒಡಲಿನ ಮೇಲೆ ನೋಂದಣಿ ಸಂಖ್ಯೆ ಬಂದಿರಬೇಕು, ಬೆಂಕಿಗೂ ಕರಗದ ಗುರುತಿನ ಫಲಕ ಇರಬೇಕು, ‘ಎಕ್ಸ್‌ಪೆರಿಮೆಂಟಲ್’ ಎಂಬ ಪದ ಎರಡು ಇಂಚಿಗೆ ಕಡಿಮೆಯಿಲ್ಲದ ಅಕ್ಷರಗಳಲ್ಲಿ ಕಾಣಬೇಕು. ಈ ವಿಮಾನ ಹವ್ಯಾಸಿಗಳು ಕಟ್ಟಿದ್ದು, ಸಾಮಾನ್ಯ ವಿಮಾನಗಳ ಸುರಕ್ಷಾ ನಿಯಮಗಳಿಗೆ ಒಳಪಟ್ಟಿಲ್ಲ ಎಂಬ ಎಚ್ಚರಿಕೆ ಪ್ರಯಾಣಿಕರ ಕಣ್ಣಿಗೆ ಬೀಳುವಂತೆ ಒಳಗೆ ಅಂಟಿಸಿರಬೇಕು. ತಪಾಸಣೆಯ ದಿನ ಮುಚ್ಚಳಗಳನ್ನೆಲ್ಲ ಬಿಚ್ಚಿಟ್ಟಿರಿ.

ತೂಕ, ಇಂಧನದ ಹರಿವು, ಮೊದಲ ಹಾರಾಟ

ಮೂರು ಚಕ್ರಗಳ ಕೆಳಗೆ ಮೂರು ತಕ್ಕಡಿ ಇಟ್ಟು, ವಿಮಾನವನ್ನು ಮಟ್ಟಕ್ಕೆ ನಿಲ್ಲಿಸಿ ತೂಗಿ, ಗುರುತ್ವ ಕೇಂದ್ರ ಎಲ್ಲಿದೆಯೆಂದು ಲೆಕ್ಕ ಹಾಕಬೇಕು. ಆರ್‌ವಿ-7ರ ಗರಿಷ್ಠ ತೂಕ 1,800 ಪೌಂಡ್. ಲೆಕ್ಕವನ್ನು ಇಬ್ಬರೂ ಬೇರೆಬೇರೆ ಕೂತು ಮಾಡಿ, ಆಮೇಲೆ ಹೋಲಿಸಿ. ನಂತರ ಇಂಧನದ ಹರಿವಿನ ಪರೀಕ್ಷೆ: ಏರುವಾಗ ಇರುವಷ್ಟು ಮೂಗನ್ನು ಮೇಲೆತ್ತಿ ನಿಲ್ಲಿಸಿ, ಕಾರ್ಬ್ಯುರೇಟರಿಗೆ ಬರುವ ಕೊಳವೆಯಿಂದ ಪೆಟ್ರೋಲನ್ನು ಡಬ್ಬಕ್ಕೆ ಹರಿಸಿ ಗಡಿಯಾರ ಹಿಡಿದು ಅಳೆಯಬೇಕು. ಪಂಪ್ ಇರುವ ವ್ಯವಸ್ಥೆಯಲ್ಲಿ ಎಂಜಿನ್ ಪೂರ್ಣ ಶಕ್ತಿಯಲ್ಲಿ ಕುಡಿಯುವುದರ 125 ಪರ್ಸೆಂಟ್, ಪಂಪಿಲ್ಲದೆ ತಾನಾಗಿ ಇಳಿಯುವ ವ್ಯವಸ್ಥೆಯಲ್ಲಿ 150 ಪರ್ಸೆಂಟ್ ಹರಿಯಬೇಕು. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ, ಕೆಲಸ ಬಯಲಿನಲ್ಲಿ ನಡೆಯಲಿ.

ಪೈಲಟ್ ಲೈಸೆನ್ಸ್ ಇದ್ದಮಾತ್ರಕ್ಕೆ ಮೊದಲ ಹಾರಾಟಕ್ಕೆ ಹೊರಡಬಾರದು. ಕಟ್ಟುವ ಭರದಲ್ಲಿ ಹಾರುವ ಅಭ್ಯಾಸ ತಪ್ಪಿರುತ್ತದೆ. ಇದೇ ಮಾದರಿಯ ವಿಮಾನದಲ್ಲಿ ತರಬೇತಿ ಕೊಡುವವರ ಬಳಿ ಕೆಲವು ಗಂಟೆ ಹಾರಿ ಕೈ ಕುದುರಿಸಿಕೊಳ್ಳಬೇಕು. ಮೊದಲ ಹಂತದ ಪರೀಕ್ಷಾ ಹಾರಾಟ, ಪ್ರಮಾಣೀಕೃತ ಎಂಜಿನ್-ಪ್ರೊಪೆಲ್ಲರ್ ಜೋಡಿಗೆ ಸಾಮಾನ್ಯವಾಗಿ 25 ಗಂಟೆ, ಉಳಿದವಕ್ಕೆ 40. ಗೊತ್ತುಮಾಡಿದ ಪ್ರದೇಶದ ಒಳಗೇ ಹಾರಬೇಕು, ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಎರಡನೆಯ ಪೈಲಟ್ಟನ್ನು ಒಯ್ಯಲು ಪ್ರತ್ಯೇಕ ನಿಯಮವಿದ್ದರೂ ಅದಕ್ಕೆ ಅರ್ಹತೆಯ ಷರತ್ತುಗಳಿವೆ. ಐದು ವರ್ಷ ಜೊತೆಗೆ ದುಡಿದವರಲ್ಲಿ ಒಬ್ಬರು ನೆಲದ ಮೇಲೆ ಉಳಿಯಲೇಬೇಕು. ಅವರಿಗೆ ಕೆಲಸ ಕೊಡಿ: ಕೈಯಲ್ಲಿ ರೇಡಿಯೋ, ಎದುರಿಗೆ ಪರೀಕ್ಷಾ ಪಟ್ಟಿ, ಹಾರಾಟ ಮುಗಿದ ಕೂಡಲೇ ಎಂಜಿನಿನ ಹೊದಿಕೆ ತೆಗೆದು ಪರೀಕ್ಷಿಸುವ ಪೂರ್ಣ ಹೊಣೆ. ಹಾರಿ ಬಂದವರ ಕೈಗೆ ಆ ಕೆಲಸ ಕೊಡಬಾರದು, ಅವರಿಗೆ ಆ ಹೊತ್ತಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ನಮ್ಮ ಮೊದಲ ಹಾರಾಟ 30 ನಿಮಿಷಕ್ಕಿಂತ ಸ್ವಲ್ಪ ಕಡಿಮೆ, ನಿಲ್ದಾಣದ ಮೇಲೆಯೇ ಸುತ್ತುತ್ತ. ಇಳಿದ ಮೇಲೆ ನಾನು ಬಂದಿದ್ದ ಸ್ನೇಹಿತರ ಕೈಕುಲುಕುತ್ತ ನಿಂತಿದ್ದಾಗ ಮಗಳು ಹೊದಿಕೆ ಬಿಚ್ಚಿ ಟಾರ್ಚ್ ಹಿಡಿದು ಒಳಗೆ ನೋಡುತ್ತಿದ್ದಳು. ಎಣ್ಣೆಯ ಕೊಳವೆಯೊಂದರ ಸೇರುವೆಯ ಕೆಳಗೆ ಉಗುರಿನಷ್ಟು ಅಗಲದ ಹಸಿ ಕಲೆ ಇತ್ತು, ಆ ಸೇರುವೆಯ ನಟ್ಟಿನ ಮೇಲೆ ಬಣ್ಣದ ಗೆರೆ ಇರಲಿಲ್ಲ. ಮಧ್ಯಾಹ್ನದ ಗಾಳಿ ಶಾಂತವಾಗಿತ್ತು, ಇನ್ನೊಂದು ಸುತ್ತು ಹಾರಬಹುದೆಂದು ಎಲ್ಲರೂ ಹೇಳುತ್ತಿದ್ದರು. ಅವಳು ಕಿವಿಯ ಮಫ್ ತೆಗೆದು “ಅಪ್ಪ, ಇವತ್ತು ಬೇಡ” ಎಂದಳು. ವಿಮಾನವನ್ನು ಹ್ಯಾಂಗರಿಗೆ ತಳ್ಳಿದೆವು. ಎರಡನೆಯ ಹಾರಾಟ ಎಂಟು ದಿನಗಳ ನಂತರ ನಡೆಯಿತು.